ಮಕ್ಕಳು ಬೆಳೆದಂತೆ ನಮ್ಮ ಮಾತೂ ಬೆಳೆಯಲಿ



ಅಡಿಕೆ ಸಸಿಗೆ ಮೊದಲ ವರ್ಷಗಳಲ್ಲಿ ಪಡುವಣ ಬಿಸಿಲು ತಾಗದಂತೆ ಬಾಳೆಯ ನೆರಳು ಕೊಡುತ್ತೇವೆ. ಸಸಿ ಬಲಿತ ಮೇಲೆ ಆ ನೆರಳು ಬೇಡ. ತೋಟದಲ್ಲಿ ಇದನ್ನು ಬಲ್ಲ ನಾವು, ಮನೆಯಲ್ಲಿ ಮಾತ್ರ 5 ವರ್ಷದ ಮಗುವಿಗೆ ಆಡಿದ ಮಾತನ್ನೇ 15 ವರ್ಷದ ಮಗನಿಗೂ ಆಡುತ್ತೇವೆ: "ಹೇಳಿದಷ್ಟು ಮಾಡು."

ಮನೆಭೇಟಿಗೆ ಹೋಗಿದ್ದಾಗ ತಂದೆಯೊಬ್ಬರು ನಮ್ಮಲ್ಲಿ ದೂರಿದರು: "ಹತ್ತನೆಯಲ್ಲಿದ್ದಾನೆ ಫಾದರ್, ಪುಸ್ತಕ ಮುಟ್ಟುವುದಿಲ್ಲ. ಕೇಳಿದರೆ ಬಾಯಿ ಬಿಡುವುದಿಲ್ಲ." ಹುಡುಗ ಅಂಗಳದಲ್ಲಿ ಅಡಿಕೆ ಹರಡುತ್ತಿದ್ದ. ನಾವೂ ಕೈಜೋಡಿಸಿದೆವು, ಏನನ್ನೂ ಕೇಳಲಿಲ್ಲ. ಅರ್ಧ ಅಂಗಳ ಮುಗಿಯುವಷ್ಟರಲ್ಲಿ ಅವನೇ ಹೇಳಿದ. ಅವನ ಕನ್ನಡ ಮಾಧ್ಯಮದ ತರಗತಿಗೆ ಆ ವರ್ಷ ಬಂದ ಗಣಿತದ ಅಧ್ಯಾಪಕರಿಗೆ ಕನ್ನಡ ಬಾರದು, ಪಾಠ ಅರ್ಥವಾಗುತ್ತಿರಲಿಲ್ಲ. "ಅಪ್ಪನಿಗೆ ಹೇಳಿದೆಯಾ?" ಎಂದೆವು. "ಅಪ್ಪ ಕೇಳುವುದು ಮಾರ್ಕು ಮಾತ್ರ" ಎಂದ. ಐದು ತಿಂಗಳು ಅವನಿಗೆ ಸಿಕ್ಕಿದ್ದು ಸೋಮಾರಿ ಎಂಬ ಬೈಗುಳ. ವಿಷಯ ತಿಳಿದ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಮರುವಾರ ಬೇರೆ ಹೆತ್ತವರನ್ನೂ ಕರೆದುಕೊಂಡು ಶಾಲೆಗೆ ಹೋದರು.

ಯೇಸು 12ನೆಯ ವಯಸ್ಸಿನಲ್ಲಿ ಜೆರುಸಲೇಮಿನಲ್ಲೇ ಉಳಿದಾಗ, ಹುಡುಕಿ ಬಂದ ಮರಿಯಮ್ಮನವರು ಮೊದಲು ಕಾರಣ ಕೇಳಿದರು. ತಮ್ಮ ಸಂಕಟವನ್ನೂ ಮುಚ್ಚಿಡಲಿಲ್ಲ. ಉತ್ತರ ಅರ್ಥವಾಗದಿದ್ದರೂ ಎಲ್ಲವನ್ನೂ ಮನದಲ್ಲಿಟ್ಟುಕೊಂಡರು (ಲೂಕ 2:41-52).

ನಾವು ಮಾಡಬಹುದಾದದ್ದು ಇಷ್ಟು:

1. ಎದುರು ನಿಲ್ಲಿಸಿ ವಿಚಾರಣೆ ಮಾಡಿದರೆ ಮಕ್ಕಳ ಬಾಯಿ ಮುಚ್ಚುತ್ತದೆ. ಜೊತೆಗೆ ಕೆಲಸ ಮಾಡಿದರೆ ತೆರೆಯುತ್ತದೆ. ಅಡಿಕೆ ಸುಲಿಯುವಾಗ, ಹುಲ್ಲು ತರುವಾಗ ದಿನಕ್ಕೆ ಕಾಲು ಗಂಟೆ ಮಾತಾಡೋಣ.

2. ಅವರು ಮುಗಿಸುವ ತನಕ ನಡುವೆ ಬಾಯಿ ಹಾಕದಿರೋಣ. ಬುದ್ಧಿವಾದ ನಾಳೆ ಹೇಳಿದರೂ ಆಗುತ್ತದೆ.

3. ನೆಂಟರ ಮುಂದೆ ಇನ್ನೊಬ್ಬರ ಮಕ್ಕಳೊಡನೆ ಹೋಲಿಸದಿರೋಣ.

4. ಮೈನೆರೆಯುವ ಮೊದಲೇ ತಾಯಿ ಮಗಳಿಗೆ ದೇಹದ ಬದಲಾವಣೆಗಳನ್ನು ತಿಳಿಸಲಿ. ಗಂಡುಮಕ್ಕಳಿಗೆ ತಂದೆ ತಿಳಿಸಲಿ.

5. ಬೆಳೆದವರಿಗೆ ಮದ್ದು ಬಿಡುವ ಖರ್ಚು, ಸೊಸೈಟಿಯ ಸಾಲ ತಿಳಿದಿರಲಿ. ಅವರ ಅಭಿಪ್ರಾಯವನ್ನೂ ಕೇಳೋಣ.

6. ತಪ್ಪು ನಮ್ಮದಾದರೆ "ತಪ್ಪಾಯಿತು" ಎನ್ನೋಣ.

ಎರಡು ವಾರ ಊಟ ನಿದ್ದೆ ಸರಿಯಿಲ್ಲದೆ, ಗೆಳೆಯರನ್ನೂ ಬಿಟ್ಟು ಮಗು ಒಂಟಿಯಾಗಿ ಕುಳಿತರೆ ಅದನ್ನು ಹಟವೆಂದುಕೊಳ್ಳಬಾರದು, ವೈದ್ಯರಿಗೆ ತೋರಿಸಬೇಕು. ಬದುಕು ಬೇಡವೆಂಬ ಮಾತು ಬಂದರೆ ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಿರಿ. ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ತೋಟದ ವಿಷಮದ್ದಿಗೆ ಯಾವಾಗಲೂ ಬೀಗವಿರಲಿ.

ಇಂದು ರಾತ್ರಿ ಜಪಸರ ಮುಗಿದೊಡನೆ ಏಳದಿರೋಣ. "ಇವತ್ತು ಏನಾಯಿತು ಮಗಾ?" ಎಂದು ಕೇಳಿ, ಉತ್ತರ ಬರುವ ತನಕ ಕಾಯೋಣ.