ಚೆಂದದ ಗಿಡವನ್ನು ಯಾಕೆ ಕೀಳಬೇಕು?



ಬೇಸಿಗೆ ಬಂತೆಂದರೆ ಬಾಸ್ಟನ್ ಸುತ್ತಮುತ್ತ ಇರುವ ನಾವೆಲ್ಲ ಮಕ್ಕಳನ್ನು ಕರೆದುಕೊಂಡು ಸಡ್‌ಬರಿ, ಕಾಂಕರ್ಡ್ ನದಿಗಳ ಕಡೆ ಹೋಗುವುದುಂಟು. ಅಲ್ಲಿ ಸ್ವಯಂಸೇವಕರು ಕನೂ, ಕಯಾಕ್‌ಗಳಲ್ಲಿ ಕುಳಿತು ಜೌಗು ನೀರಿನಿಂದ ಹಸಿರು ಗಿಡಗಳನ್ನು ಕಿತ್ತು ಬುಟ್ಟಿಗೆ ತುಂಬುವುದನ್ನು ನೀವೂ ನೋಡಿರಬಹುದು. "ಅಪ್ಪಾ, ಇಷ್ಟು ಚೆಂದದ ಗಿಡ ಯಾಕೆ ಕೀಳ್ತಾರೆ?" ಎಂದು ನನ್ನ ಮಗಳು ಕೇಳಿದಳು. ಆಗ ಉತ್ತರ ಗೊತ್ತಿರಲಿಲ್ಲ. ಆಮೇಲೆ ತಿಳಿದುಕೊಂಡದ್ದು ಇಷ್ಟು.

ಈ ಗಿಡದ ಹೆಸರು ವಾಟರ್ ಚೆಸ್ಟ್‌ನಟ್. ಚೈನೀಸ್ ಅಡುಗೆಯಲ್ಲಿ ಸಿಗುವ ಗರಿಗರಿ ಬಿಳಿ ಗೆಡ್ಡೆ ಇದಲ್ಲ, ಅದು ಬೇರೆಯೇ ಗಿಡ. ಉತ್ತರ ಭಾರತದ ಗೆಳೆಯರು ಉಪವಾಸಕ್ಕೆ ಹಿಟ್ಟು ಮಾಡಿ ಬಳಸುವ ಸಿಂಗಾಡ ಇದರ ಹತ್ತಿರದ ನೆಂಟ! 1870ರ ದಶಕದಲ್ಲಿ ಇದನ್ನು ಇಲ್ಲೇ ಕೇಂಬ್ರಿಡ್ಜ್‌ನ ಸಸ್ಯೋದ್ಯಾನದಲ್ಲಿ ಬೆಳೆಸಿದ್ದರು. ಅಲ್ಲಿಂದ ಸುತ್ತಲ ಕೊಳ, ನದಿಗಳಿಗೆ ಹಬ್ಬಿತು.

ಎಲೆಗಳು ನೀರಿನ ಮೇಲೆ ಚಾಪೆಯಂತೆ ಹರಡಿದಾಗ ಬಿಸಿಲು ಕೆಳಗಿಳಿಯದೆ ಒಳಗಿನ ಸ್ಥಳೀಯ ಸಸ್ಯಗಳು ಸಾಯುತ್ತವೆ. ಕೊಳೆಯುವ ಸೊಪ್ಪು ನೀರಿನ ಆಮ್ಲಜನಕವನ್ನು ಹೀರುವುದರಿಂದ ಮೀನುಗಳಿಗೂ ಕಷ್ಟ. ಬೆಂಗಳೂರಿನ ಕೆರೆಗಳನ್ನು ಜೊಂಡು ಮುಚ್ಚಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಬೀಜದಿಂದ 10-15 ಎಲೆಗೊಂಚಲು ಬರಬಹುದು, ಪ್ರತಿ ಗೊಂಚಲಿನಲ್ಲಿ 20ರವರೆಗೆ ಬೀಜ. ಅಂದರೆ ಒಂದು ಬೀಜ ಒಂದೇ ಬೇಸಿಗೆಯಲ್ಲಿ 300 ಆಗಬಹುದು! ಹಿಮಕ್ಕೆ ಗಿಡ ಸತ್ತರೂ ಬೀಜ ಕೆಸರಿನಲ್ಲಿ 12 ವರ್ಷದವರೆಗೆ ಬದುಕಿರಬಲ್ಲದು. ಆದ್ದರಿಂದ ಆಗಸ್ಟ್‌ನಲ್ಲಿ ಬೀಜ ಉದುರಲು ತೊಡಗುವ ಮೊದಲೇ ಕೀಳಬೇಕು, ಮತ್ತು ವರ್ಷ ವರ್ಷವೂ ಕೀಳಬೇಕು. ಒಂದು ಬೇಸಿಗೆ ಬಿಟ್ಟರೆ ಹಿಂದಿನ ಶ್ರಮವೆಲ್ಲ ನೀರುಪಾಲು.

ಗಿಡ ದಟ್ಟವಾಗಿರುವ ಕಡೆ ಯಂತ್ರ ಬಳಸುತ್ತಾರೆ. ಆಳ ಕಡಿಮೆಯಿರುವ ಅಂಚುಗಳಿಗೆ ಕೈಯೇ ಗತಿ. ಗೊಂಚಲಿನ ಕೆಳಗೆ ಕೈಹಾಕಿ, ದಂಟನ್ನು ಹಿಡಿದು ನಿಧಾನವಾಗಿ ಎಳೆಯಬೇಕು. ಜಗ್ಗಿದರೆ ದಂಟು ತುಂಡಾಗುತ್ತದೆ. ಕಾಯಿಗಳು ಎಲೆಯಡಿಯಲ್ಲಿ ಇರುವುದರಿಂದ ಕಿತ್ತ ಕೂಡಲೇ ಗೊಂಚಲನ್ನು ತಲೆಕೆಳಗು ಮಾಡಿ ಬುಟ್ಟಿಗೆ ಹಾಕುತ್ತಾರೆ. ಕೊನೆಗೆ ಎಲ್ಲವನ್ನೂ ದಡಕ್ಕೆ ತಂದು, ನೀರಿನಿಂದ ದೂರದಲ್ಲಿ ಗೊಬ್ಬರವಾಗಲು ಬಿಡುತ್ತಾರೆ. ಕಾಯಿಗೆ ನಾಲ್ಕು ಚೂಪಾದ ಮುಳ್ಳುಗಳಿವೆ. ಕೈಗವಸು, ಲೈಫ್ ಜಾಕೆಟ್ ಮರೆಯಬೇಡಿ, ಮಕ್ಕಳನ್ನು ಬರಿಗಾಲಲ್ಲಿ ನೀರಿಗಿಳಿಸಬೇಡಿ.

ನೈದಿಲೆಯನ್ನು ತಪ್ಪಿ ಕಿತ್ತೀರಿ, ಜೋಕೆ! ನೈದಿಲೆಯ ಎಲೆ ದುಂಡಗೆ. ಇದರದ್ದು ತ್ರಿಕೋನ, ಅಂಚಿನಲ್ಲಿ ಗರಗಸದ ಹಲ್ಲು, ತೊಟ್ಟಿನಲ್ಲಿ ಗಾಳಿ ತುಂಬಿದ ಉಬ್ಬು.

ದೋಣಿ ನಡೆಸಲು ಬಾರದವರೂ ಮನೆಗೆ ಹೊರಡುವ ಮೊದಲು ದೋಣಿ, ಹುಟ್ಟುಗಳಿಗೆ ಅಂಟಿದ ಸೊಪ್ಪನ್ನು ತೆಗೆಯಲು ನೆರವಾಗಬಹುದು. ಅಕ್ವೇರಿಯಂನ ಗಿಡಗಳನ್ನಂತೂ ಯಾರೂ ಕೊಳಕ್ಕೆ ಸುರಿಯಬೇಡಿ. ಮುಂದಿನ ಜುಲೈನಲ್ಲಿ ಮಗಳೂ ನಾನೂ ಬುಟ್ಟಿ ಹಿಡಿದು ಹೋಗುವವರಿದ್ದೇವೆ. ನೀವೂ ಬನ್ನಿ, ಬುತ್ತಿಗೆ ಚಿತ್ರಾನ್ನ ನಮ್ಮದು!