ಕೆಂಪು ದೀಪ, ಕಲ್ಲಾದ ಬ್ರೇಕು ಮತ್ತು ಬೇಗೂರಿನ ಮೆಕ್ಯಾನಿಕ್

"ಕಾಕ, ಅದೆಂತ ಕೆಂಪು ಲೈಟು?"

ಮುಂದಿನ ಸೀಟಿನಲ್ಲಿದ್ದ ತಂಗಿ ಕೇಳಿದಾಗ ನಾವು ನಂಜನಗೂಡು ದಾಟಿ ಬೇಗೂರಿನ ಹತ್ತಿರ ಬಂದಿದ್ದೆವು. ಮೈಸೂರಿನ ಹಾಸ್ಟೆಲಿನಿಂದ ಅವಳನ್ನು ಹತ್ತಿಸಿಕೊಂಡು, ಸಂಬಂಧಿಕರೊಬ್ಬರ ಮನೆಯ ನಿಕಾಹ್‌ಗೆಂದು ಸುಲ್ತಾನ್ ಬತ್ತೇರಿಗೆ ಹೊರಟಿದ್ದು. ಹಿಂದೆ ಉಮ್ಮ, ಮಾಮಿ, ಮೂವರು ಮಕ್ಕಳು, ಮತ್ತೆ ಯಾರ ಕಾಲಿಗೂ ಜಾಗ ಇಲ್ಲದಷ್ಟು ಬ್ಯಾಗುಗಳು. ಗಾಡಿ ಬಾಪ ಕೊಂಡದ್ದು, ಇಪ್ಪತ್ತು ವರ್ಷ ದಾಟಿದ ಡೀಸೆಲ್.

ನೋಡಿದರೆ ಬ್ಯಾಟರಿಯ ಗುರುತಿನ ದೀಪ. ಎಂಜಿನ್ ಎಂದಿನಂತೆ ಓಡುತ್ತಿತ್ತು, ಶಬ್ದದಲ್ಲಿ ಬದಲಾವಣೆ ಇಲ್ಲ. ನಮ್ಮ ಗಾಡಿಯಲ್ಲಿ ಪವರ್ ಸ್ಟೀರಿಂಗಿಗೆ ಬೇರೆಯೇ ಬೆಲ್ಟು, ಹಾಗಾಗಿ ಸ್ಟೀರಿಂಗೂ ಹಗುರವಾಗಿಯೇ ಇತ್ತು. "ಬ್ಯಾಟರಿ ಚಾರ್ಜ್ ಆಗ್ತಿಲ್ಲ ಅಷ್ಟೆ, ಗುಂಡ್ಲುಪೇಟೆಯಲ್ಲಿ ನೋಡುವಾ" ಅಂದೆ. ಒಬ್ಬ ಹುಡುಗಿ ಗಾಡಿಯ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಳ್ಳುವ ಅಭ್ಯಾಸ ನನಗೆ ಆಗ ಇರಲಿಲ್ಲ ಎಂದೂ ಒಪ್ಪಿಕೊಳ್ಳಬೇಕು.

ಎರಡು ಕಿಲೋಮೀಟರ್ ಹೋಗಿರಬಹುದು. ಎದುರಿಗೆ ಕುರಿ ಹಿಂಡೊಂದು ರಸ್ತೆ ದಾಟುತ್ತಿತ್ತು. ಒಮ್ಮೆ ಬ್ರೇಕ್ ಒತ್ತಿದೆ, ಹಿಡಿಯಿತು. ಬಿಟ್ಟು ಇನ್ನೊಮ್ಮೆ ಒತ್ತಿದೆ, ಅರ್ಧ ಹಿಡಿಯಿತು. ಮೂರನೇ ಸಲ ಪೆಡಲು ಕಲ್ಲಿನಂತಾಗಿತ್ತು. ಎರಡೂ ಕಾಲು ಇಟ್ಟು ಒತ್ತಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಕುರಿಗೂ ಬಂಪರಿಗೂ ಒಂದು ಮೊಳ ಅಂತರ. ಉಮ್ಮ ಹಿಂದಿನಿಂದ ಬ್ಯಾರಿಯಲ್ಲಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆಗಲೇ ಕಣ್ಣಿಗೆ ಬಿದ್ದದ್ದು, ಎಂಜಿನ್ ಬಿಸಿಯ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿ ಕೂತಿತ್ತು.

ಬಾನೆಟ್ ಎತ್ತಿದರೆ ಫ್ಯಾನ್ ಬೆಲ್ಟು ಇರಬೇಕಾದ ಕಡೆ ಇಲ್ಲ. ಹಾವಿನ ಪೊರೆಯ ಹಾಗೆ ಕೆಳಗೆ ಎಲ್ಲೋ ಸುತ್ತಿಕೊಂಡಿತ್ತು.

ಕುರಿ ಕಾಯುವ ಹುಡುಗನೇ ಬೇಗೂರಿನಿಂದ ಮೆಕ್ಯಾನಿಕ್‌ನನ್ನು ಕರೆತಂದ. ಐವತ್ತು ದಾಟಿದ ಮನುಷ್ಯ, ಬೈಕಿನಲ್ಲಿ ಬಂದರು. ಒಮ್ಮೆ ಇಣುಕಿ, "ಬೆಲ್ಟು ಕಿತ್ತೋಗದ ಸಾಬ್ರೇ. ಇನ್ನೈದು ಮೈಲಿ ಓಡ್ಸಿದ್ರ ಹೆಡ್ಡೇ ಎದ್ದೋಯ್ತಿತ್ತು" ಅಂದರು. ನಾನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದಾಗ, "ಮುಟ್ಬ್ಯಾಡಿ, ಮೊಕ ಸುಟ್ಟೋಯ್ತದ" ಎಂದು ಕೈ ಹಿಡಿದರು.

ಹಳೇ ಡೀಸೆಲ್ ಗಾಡಿಯ ಮೋಸ ಇರುವುದೇ ಇಲ್ಲಿ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ಕರೆಂಟು ಬೇಕು. ಬ್ಯಾಟರಿ ಮುಗಿದರೆ ಅದು ತಾನಾಗಿ ನಿಂತು ನಮ್ಮನ್ನು ಕಾಪಾಡುತ್ತದೆ. ಹಳೇ ಡೀಸೆಲಿನಲ್ಲಿ ಕಿಡಿಯ ಕೆಲಸವೇ ಇಲ್ಲ, ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಪಂಪನ್ನೂ ಎಂಜಿನ್ನೇ ತಿರುಗಿಸುತ್ತದೆ. ಹಾಗಾಗಿ ಬೆಲ್ಟು ಹೋದರೂ ಎಂಜಿನ್ ಏನೂ ಆಗದವರ ಹಾಗೆ ಓಡುತ್ತಲೇ ಇರುತ್ತದೆ. ಆದರೆ ನೀರು ತಿರುಗಿಸುವ ವಾಟರ್ ಪಂಪ್, ರೇಡಿಯೇಟರಿನ ಫ್ಯಾನ್, ಚಾರ್ಜ್ ಮಾಡುವ ಆಲ್ಟರ್ನೇಟರ್ ಎಲ್ಲ ನಿಂತಿರುತ್ತವೆ. ಆ ಕಾಲದ ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಇರುವುದು ಆಲ್ಟರ್ನೇಟರಿನ ಬೆನ್ನಿಗೇ. ಬೂಸ್ಟರಿನಲ್ಲಿ ಉಳಿದದ್ದು ಎರಡು ಮೂರು ಒತ್ತಿಗೆ ಸಾಕು, ಆಮೇಲೆ ಬ್ರೇಕು ಕಲ್ಲು. ಅಂದರೆ ಆ ಬ್ಯಾಟರಿ ಗುರುತಿನ ದೀಪ ಹೇಳುತ್ತಿರುವುದು ಬರೀ ಬ್ಯಾಟರಿಯ ಸುದ್ದಿಯಲ್ಲ. ಓಡುತ್ತಿರುವಾಗ ಅದು ಹೊತ್ತಿಕೊಂಡರೆ ಬದಿಗೆ ಹಾಕಿ, ಎಂಜಿನ್ ಬಂದ್ ಮಾಡಿ, ಬೆಲ್ಟು ಇದೆಯೋ ಇಲ್ಲವೋ ನೋಡುವುದೇ ಸರಿ. ಕುರಿಗಳ ಬದಲು ಚಾರ್ಮಾಡಿಯ ತಿರುವೊಂದಾಗಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ತಪ್ಪು ಗಾಡಿಯದ್ದಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಕೀ... ಎಂದು ಕಿರುಚುವುದು ಶುರುವಾಗಿ ತಿಂಗಳಾಗಿತ್ತು. ಊರಿನ ಗ್ಯಾರೇಜಿನಲ್ಲಿ ಬದಲಿಸಿ ಎಂದಿದ್ದರು. "ಸದ್ಯ ಟೈಟ್ ಮಾಡಿ ಕೊಡಿ, ಗಾಡಿ ಹೆಚ್ಚು ಓಡುವುದೇ ಇಲ್ಲ" ಎಂದವನು ನಾನು. ಕೆಲವು ನೂರು ರೂಪಾಯಿಯ ರಬ್ಬರು! ಸಫರಿನ ದುಆ ಓದಿಯೇ ಹೊರಟಿದ್ದೆವು, ನಿಜ. ಒಂಟೆ ಕಟ್ಟುವ ಹದೀಸು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು.

"ಹೆಚ್ಚು ಓಡುವುದಿಲ್ಲ" ಎನ್ನುವ ಮಾತನ್ನು ನಮ್ಮ ಎಷ್ಟೋ ಮನೆಗಳಲ್ಲಿ ಕೇಳಬಹುದು. ಕ್ವಾಲಿಸ್, ಸುಮೋ, ಇಂಡಿಕಾದಂಥ ಗಾಡಿಗಳನ್ನು ಇನ್ನೂ ಇಟ್ಟುಕೊಂಡವರಿದ್ದಾರೆ. ಬಿಡದಿಯಲ್ಲಿ ತಯಾರಾಗುತ್ತಿದ್ದ ಕ್ವಾಲಿಸ್ 2005ರಲ್ಲೇ ನಿಂತರೂ ದೊಡ್ಡ ಕುಟುಂಬದವರಿಗೆ ಅದರ ಮೇಲಿನ ಪ್ರೀತಿ ಹೋಗಿಲ್ಲ. ಮಗ ಗಲ್ಫಿನಿಂದ ರಜೆಗೆ ಬಂದಾಗ ಎರಡು ತಿಂಗಳು ನಿಕಾಹ್, ಝಿಯಾರತ್, ಊಟಿ ಎಂದು ಓಟ. ಉಳಿದ ಹತ್ತು ತಿಂಗಳು ಶೆಡ್ಡಿನಲ್ಲಿ. ಮೀಟರ್ ನೋಡಿದರೆ ಕಡಿಮೆ ಕಿಲೋಮೀಟರ್, ಆದರೆ ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಒಂದೇ ಭಂಗಿಯಲ್ಲಿ ಬಾಗಿ ನಿಂತು ಗಟ್ಟಿಯಾಗುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಪುಲ್ಲಿಯ ಗಾಡಿಗೆ ತುಕ್ಕು ಹಿಡಿದು, ಸ್ಟಾರ್ಟ್ ಆದ ಮೇಲೆ ಅದು ಉಪ್ಪುಕಾಗದದ ಹಾಗೆ ಬೆಲ್ಟನ್ನು ಉಜ್ಜುತ್ತದೆ. ಇಲಿಗಳ ಕಾಟ ಬೇರೆ. ಹಾಗಾಗಿ ಇಂಥ ಗಾಡಿಗೆ ಕಿಲೋಮೀಟರಿಗಿಂತ ವರ್ಷದ ಲೆಕ್ಕ ಮುಖ್ಯ.

ಬೆಲ್ಟು ತರಿಸುವುದೇ ದೊಡ್ಡ ಕಥೆಯಾಯಿತು. ಮೆಕ್ಯಾನಿಕ್ ಗುಂಡ್ಲುಪೇಟೆಯ ಅಂಗಡಿಗೆ ಫೋನ್ ಮಾಡಿ ಗಾಡಿಯ ಹೆಸರು ಹೇಳಿದರು, ಬಸ್ಸಿನಲ್ಲಿ ಬಂದದ್ದು ಎಸಿ ಬೆಲ್ಟು. ಎರಡನೇ ಸಲ ಹರಿದ ಬೆಲ್ಟನ್ನೇ ಹಿಡಿದು ಅವರೇ ಹೋದರು. ಅದರ ಬೆನ್ನ ಮೇಲೆ ನಂಬರು ಇರುತ್ತದೆ, ಅಗಲ ಉದ್ದ ಎರಡೂ ಅದರಲ್ಲೇ. ಗಾಡಿಯ ಹೆಸರಿಗಿಂತ ಆ ನಂಬರೇ ದೊಡ್ಡ ಸಾಕ್ಷಿ. ಅಷ್ಟು ಹೊತ್ತಿಗೆ ಅಸರ್ ಬಾಂಗಿನ ಸಮಯವಾಗಿತ್ತು. ಹುಣಸೆ ಮರದಡಿ ಚಾಪೆ ಹಾಸಿ ಲುಹರ್, ಅಸರ್ ಜಮ್‌ಅ ಮಾಡಿದೆವು. ಸೂರ್ಯಕಾಂತಿ ಹೊಲದ ಅಂಚಿನಲ್ಲಿ ಮಕ್ಕಳು ಫೋಟೊ ತೆಗೆಸಿಕೊಂಡರು. ನನಗೆ ಮಾತ್ರ ಒಂದೇ ಚಿಂತೆ: ರಾತ್ರಿ 9ಕ್ಕೆ ಬಂಡೀಪುರದ ಗೇಟು ಬೀಳುತ್ತದೆ, ಮತ್ತೆ ಬೆಳಿಗ್ಗೆ 6ಕ್ಕೇ ತೆಗೆಯುವುದು. 2009ರಲ್ಲಿ ಬಂದ ಆ ನಿಯಮ ಕಾಡುಪ್ರಾಣಿಗಳಿಗೆ ಒಳ್ಳೆಯದೇ. ಆದರೆ ಮರುದಿನ ಬೆಳಿಗ್ಗೆ ನಿಕಾಹ್ ಇರುವವರಿಗೆ ಗಡಿಯಾರ ನೋಡದೆ ಇರಲಾಗುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಅವರು ಕೈ ಹಾಕಿದ್ದು. ಮೊದಲು ಬ್ಯಾಟರಿಯ ಮೈನಸ್ ವೈರು ಬಿಚ್ಚಿದರು. ಹೊರಗಿನ ಸಾಲಿನಲ್ಲಿದ್ದ ಎಸಿ ಮತ್ತು ಸ್ಟೀರಿಂಗ್ ಬೆಲ್ಟು ಸಡಿಲಿಸಿ ತೆಗೆದರು. ಅವು ಎದುರಿಗಿದ್ದರೆ ಒಳಗಿನದ್ದು ಕೂರುವುದಿಲ್ಲ. ಆಲ್ಟರ್ನೇಟರಿನ ಕೆಳಗಿನ ಬೋಲ್ಟು, ಮೇಲಿನ ಪಟ್ಟಿಯ ಬೋಲ್ಟು ಎರಡನ್ನೂ ಸಡಿಲಿಸಿ ಅದನ್ನು ಎಂಜಿನ್ ಕಡೆಗೆ ತಳ್ಳಿದರು. ಹೊಸ ಬೆಲ್ಟು ಹಾಕುವ ಮುಂಚೆ ಒಂದು ಕೆಲಸ ಮಾಡಿದರು, ಅದನ್ನು ಎಲ್ಲ ಗ್ಯಾರೇಜುಗಳಲ್ಲೂ ಮಾಡುವುದಿಲ್ಲ: ವಾಟರ್ ಪಂಪಿನ ಪುಲ್ಲಿಯನ್ನು ಕೈಯಲ್ಲಿ ಹಿಡಿದು ಅಲುಗಿಸಿದರು, ಆಲ್ಟರ್ನೇಟರನ್ನು ತಿರುಗಿಸಿ ಕಿವಿಗೊಟ್ಟರು. ಬೇರಿಂಗ್ ಹೋಗಿದ್ದರೆ ಹೊಸ ಬೆಲ್ಟೂ ವಾರದಲ್ಲಿ ಹೋಗುತ್ತದಂತೆ. ಪುಲ್ಲಿಯ ತುಕ್ಕು ತಿಕ್ಕಿ, ಒರೆಸಿದರು. ಆಮೇಲೆ ಫ್ಯಾನಿನ ಎಲೆಗಳ ಮೇಲಿಂದ ಒಂದೊಂದಾಗಿ ಬೆಲ್ಟನ್ನು ದಾಟಿಸಿ ಕೂರಿಸಿದರು.

ಬಿಗಿ ಎಷ್ಟು? ಎರಡು ಪುಲ್ಲಿಗಳ ನಡುವಿನ ಉದ್ದ ಭಾಗವನ್ನು ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಬೇಕು. ಸಡಿಲವಾದರೆ ಜಾರಿ ಕಿರುಚುತ್ತದೆ, ಅತಿ ಬಿಗಿಯಾದರೆ ವಾಟರ್ ಪಂಪಿನ ಬೇರಿಂಗ್ ತಿನ್ನುತ್ತದೆ. ಕಿರುಚುವ ಬೆಲ್ಟಿಗೆ ನಮ್ಮಲ್ಲಿ ಸೋಪು, ಗ್ರೀಸು ಹಚ್ಚುವವರಿದ್ದಾರೆ. ಕೇಳಿ ಅವರು ನಕ್ಕರು. ಎಣ್ಣೆ ರಬ್ಬರಿನ ಶತ್ರು, ಎಲ್ಲಾದರೂ ಆಯಿಲ್ ಸೋರುತ್ತಿದ್ದರೆ ಅದನ್ನು ನಿಲ್ಲಿಸದೆ ಬೆಲ್ಟು ಬದಲಿಸುವುದೇ ದಂಡ. ಹರಿದ ಬೆಲ್ಟನ್ನು ಒಳಹೊರಗೆ ಮಡಚಿ ತೋರಿಸಿದರು, ಉದ್ದಕ್ಕೂ ಬಿರುಕು, ಬದಿಗಳು ಗಾಜಿನ ಹಾಗೆ ಹೊಳೆಯುತ್ತಿದ್ದವು. ಇದನ್ನು ಮನೆಯಲ್ಲೇ ಯಾರೂ ನೋಡಬಹುದು. ಎಂಜಿನ್ ಬಂದ್ ಇರಬೇಕು, ಕೀ ಜೇಬಿನಲ್ಲಿರಬೇಕು ಅಷ್ಟೆ. ತಿರುಗುವ ಬೆಲ್ಟಿನ ಹತ್ತಿರ ಅಂಗಿ ತೋಳಾಗಲಿ, ದುಪಟ್ಟಾ ತುದಿಯಾಗಲಿ ಹೋಗಬಾರದು.

ನೀರು ತುಂಬಿಸಿ ಸ್ಟಾರ್ಟ್ ಮಾಡಿದಾಗ ಕೆಂಪು ದೀಪ ಆರಿತು. ಈ ಸಲ ಅದನ್ನು ಮೊದಲು ನೋಡಿ ಹೇಳಿದ್ದೂ ತಂಗಿಯೇ. ಬ್ರೇಕು ಮೆತ್ತಗಾಗಿತ್ತು. ಹಾಗಿದ್ದೂ ಅರ್ಧ ಗಂಟೆ ನಿಂತಲ್ಲೇ ಓಡಿಸಿ, ಮುಳ್ಳು ಮೇಲೇರುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರು ನಮ್ಮನ್ನು ಬಿಟ್ಟದ್ದು. ಮದ್ದೂರು ಚೆಕ್‌ಪೋಸ್ಟ್ ದಾಟುವಾಗ ಗಂಟೆ ಎಂಟೂವರೆ.

ಹೊಸ ಬೆಲ್ಟು ಓಡಿದ ಮೇಲೆ ಸ್ವಲ್ಪ ಹಿಗ್ಗುತ್ತದೆ, ಇನ್ನೊಮ್ಮೆ ಬಿಗಿ ನೋಡಲೇಬೇಕು ಎಂದಿದ್ದರು. ಮೂರನೇ ದಿನ ವಾಪಸ್ ಬರುವಾಗ ಬೇಗೂರಿನಲ್ಲಿ ನಿಲ್ಲಿಸಿದೆ. ಹೆಬ್ಬೆರಳಲ್ಲಿ ಒತ್ತಿ ನೋಡಿ, ಬೋಲ್ಟನ್ನು ಇಷ್ಟೇ ಇಷ್ಟು ತಿರುಗಿಸಿದರು. ದುಡ್ಡು ಕೊಡಹೋದರೆ ತಗೊಳ್ಳಲಿಲ್ಲ. "ಮದ್ವ ಮನ ಸ್ವೀಟು ಎಲ್ಲಿ ಸಾಬ್ರೇ?" ಎಂದು ಕೇಳಿದರು. ಉಮ್ಮ ಆಗಲೇ ಹಲ್ವದ ಪೊಟ್ಟಣ ಹಿಡಿದು ಗಾಡಿಯಿಂದ ಇಳಿಯುತ್ತಿದ್ದರು.