ಅಡಿಗೆಯಲ್ಲಿ ಅಭಿರುಚಿ ಹುಟ್ಟುವ ಬಗೆ

ಮೂವತ್ತು ವರ್ಷಕ್ಕೂ ಮಿಗಿಲಾಗಿ ಹುಡುಗರಿಗೆ ನಳೋಪಾಖ್ಯಾನವನ್ನು ಬೋಧಿಸಿದ ಉಪಾಧ್ಯಾಯನಿಗೆ ಒಂದು ಹಿಡಿ ಬೇಳೆಯನ್ನು ಬೇಯಿಸಲು ಬರುತ್ತಿರಲಿಲ್ಲವೆಂದರೆ ವಾಚಕ ಮಹಾಶಯರು ನಕ್ಕಾರು. ಆ ಉಪಾಧ್ಯಾಯನು ನಾನೇ. ಎಲೆಯ ಮುಂದೆ ಕುಳಿತು ‘ಸಾರಿಗೆ ಉಪ್ಪು ಸಾಲದು’, ‘ಪಲ್ಯ ಸೀದಿದೆ’ ಎಂದು ಪರೀಕ್ಷಕನಂತೆ ಅಂಕ ಕಳೆಯುವುದಷ್ಟೇ ಪಾಕಶಾಸ್ತ್ರದಲ್ಲಿ ನನಗಿದ್ದ ಪಾಂಡಿತ್ಯ.

ಕಳೆದ ವರ್ಷ ನಮ್ಮ ಗೃಹಿಣಿಯು ಬಚ್ಚಲಿನಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟನ್ನು ಮುರಿದುಕೊಂಡಳು. ಆರು ವಾರ ಆ ಕೈಯಿಂದ ಯಾವ ಕೆಲಸವನ್ನೂ ಮಾಡಕೂಡದೆಂದು ವೈದ್ಯರ ಅಪ್ಪಣೆಯಾಯಿತು. ನಾಲ್ಕು ದಿನ ಹೋಟೆಲಿನಿಂದ ಊಟ ತರಿಸಿದೆವು. ಆ ಖಾರವು ಆಕೆಗೆ ಒಗ್ಗಲಿಲ್ಲ. ಐದನೆಯ ದಿನ ನಾನೇ ಒಲೆ ಹೊತ್ತಿಸಿದೆನು.

ಪ್ರಥಮ ಪ್ರಯತ್ನದ ಫಲವನ್ನು ಮುಚ್ಚಿಡಲಾರೆ. ತೊಗರಿಬೇಳೆ, ಹುಣಿಸೆಯ ರಸ, ಉಪ್ಪು, ಸಾರಿನ ಪುಡಿ ಎಲ್ಲವನ್ನೂ ಒಟ್ಟಿಗೆ ಪಾತ್ರೆಗೆ ಸುರಿದೆನು. ಒಂದೂವರೆ ಗಂಟೆ ಕುದಿದರೂ ಬೇಳೆಯು ಗಟ್ಟಿಯಾಗಿಯೇ ಉಳಿಯಿತು. ಬಾಗಿಲ ಬಳಿ ಕುಳಿತಿದ್ದ ಆಕೆಯು, “ಹುಳಿ ಯಾವಾಗ ಹಾಕಿದಿರಿ?” ಎಂದಳು.

“ಮೊದಲೇ ಹಾಕಿದೆ.”

“ಹುಳಿ ಬಿದ್ದ ಮೇಲೆ ಬೇಳೆ ಬೇಯುವುದುಂಟೆ? ಅದು ಮೆತ್ತಗಾದ ಮೇಲೆ ಹಾಕಬೇಕು.”

ಇದು ಯಥಾರ್ಥವಾದ ಮಾತು. ಬೇಳೆಯನ್ನು ಬಿಗಿಯಾಗಿ ಹಿಡಿದಿರುವ ಅಂಶವು ಹುಳಿನೀರಿನಲ್ಲಿ ಬೇಗನೆ ಸಡಿಲವಾಗದು. ಮರುದಿನ ಅರಿಸಿನ ಮತ್ತು ನಾಲ್ಕು ತೊಟ್ಟು ಎಣ್ಣೆಯನ್ನು ಮಾತ್ರ ಸೇರಿಸಿ ಬೇಯಿಸಿದೆನು, ಬೇಳೆಯು ಬೆಣ್ಣೆಯಂತಾಯಿತು. ಕಾರಣವು ತಿಳಿದೊಡನೆ ಬೇಸರವು ಕುತೂಹಲವಾಗಿ ಮಾರ್ಪಟ್ಟಿತು. ಒಗ್ಗರಣೆಯಲ್ಲಿ ಸಾಸಿವೆಯು ಸಿಡಿಯುವ ಸದ್ದು, ಎಣ್ಣೆಯಲ್ಲಿ ಅರಳಿದ ಇಂಗಿನ ಹಸಿವಾಸನೆಯು ಅಡಗುವ ಕ್ಷಣ, ಇವನ್ನು ಕಿವಿ ಮೂಗುಗಳೇ ಗುರುತಿಸತೊಡಗಿದವು. ಎರಡನೆಯ ವಾರದ ಒಂದು ದಿನ ಆಕೆಯು ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತ, “ಇನ್ನೊಂದು ಸೌಟು ಬಡಿಸಿ” ಎಂದಳು. ಆಗ ನನಗಾದ ಆನಂದವು ಯಾವ ಸನ್ಮಾನದಲ್ಲಿಯೂ ಆಗಿರಲಿಲ್ಲ.

ಪಾಕವು ಪುರುಷರಿಗೆ ಹೊರತಾದುದೆಂದು ನಮ್ಮ ಪೂರ್ವಿಕರು ಎಣಿಸಿದಂತಿಲ್ಲ. ವಿರಾಟನ ಮನೆಯಲ್ಲಿ ಭೀಮನು ಬಾಣಸಿಗನಾದನು. ವೇಷ ಮರೆಸಿದ ನಳನನ್ನು ದಮಯಂತಿಯು ಗುರುತಿಸಲು ಅವನ ಅಡಿಗೆಯ ರುಚಿಯೂ ಸಾಧನವಾಯಿತು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಭಕ್ಷ್ಯಭೋಜ್ಯಗಳನ್ನು ವಿಸ್ತಾರವಾಗಿ ವರ್ಣಿಸಿದನು. 16ನೆಯ ಶತಮಾನದ ಮೂರನೆಯ ಮಂಗರಸನು ಕನ್ನಡದಲ್ಲಿ ಸೂಪಶಾಸ್ತ್ರವನ್ನೇ ರಚಿಸಿದನು. ಇಷ್ಟನ್ನು ಬಲ್ಲವನಾಗಿಯೂ ನಾನು ಅಡಿಗೆಮನೆಯ ಹೊಸ್ತಿಲನ್ನು ದಾಟಿರಲಿಲ್ಲ.

ಆದರೆ ಒಂದು ಮಾತು. ನಾನು ಆನಂದಪಟ್ಟುದು ಆರು ವಾರದ ಅಡಿಗೆಯಲ್ಲಿ. ಆಕೆಯು ಮಾಡಿದ್ದಾದರೋ ಮೂವತ್ತೆಂಟು ವರ್ಷ, ರಜೆಯಿಲ್ಲದೆ. “ನಿನಗೆ ಅಡಿಗೆ ಮಾಡುವುದು ಇಷ್ಟವೇನೆ?” ಎಂದು ಒಂದು ಸಂಜೆ ಕೇಳಿದೆನು. “ಇದುವರೆಗೆ ಯಾರೂ ಕೇಳಿರಲಿಲ್ಲ” ಎಂದು ಆಕೆಯು ಸುಮ್ಮನಾದಳು. ಆ ಉತ್ತರವು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮೊದಲು ಒಂದೇ ಪದಾರ್ಥವನ್ನು ಕಲಿಯಿರಿ, ಕೆಟ್ಟರೆ ಕಾರಣವನ್ನು ವಿಚಾರಿಸಿರಿ, ಮಾಡಿದುದನ್ನು ನಿಮ್ಮ ಕೈಯಿಂದಲೇ ಬಡಿಸಿರಿ. ಮನೆಯ ಹೊರೆಯನ್ನು ಹಂಚಿಕೊಂಡ ಮನೆಯಲ್ಲಿ ಎಲ್ಲರಿಗೂ ಅಡಿಗೆಯಲ್ಲಿ ಅಭಿರುಚಿ ಹುಟ್ಟುವ ಅವಕಾಶವುಂಟು.

ಆಕೆಯ ಕೈ ಈಗ ವಾಸಿಯಾಗಿದೆ. ಆದರೂ ಭಾನುವಾರದ ಸಾರು ನನ್ನದೇ. ಉಪ್ಪು ಹೆಚ್ಚಾದ ದಿನ ಅಂಕ ಕಳೆಯುವ ಅಧಿಕಾರವು ಆಕೆಯದು.